ಶಾಸನವೂ ವಚನವೂ: ವಿಶ್ವವಿದ್ಯಾಲಯದ ಪುಸ್ತಕಗಳು ಉಳಿಸಿಕೊಟ್ಟ ಇತಿಹಾಸ

ಒಂದು ನಾಡಿನ ನೆನಪು ಎರಡು ಎಡೆಗಳಲ್ಲಿ ಉಳಿದಿರುತ್ತದೆ. ಒಂದು ಕಲ್ಲಿನ ಮೇಲೆ, ಇನ್ನೊಂದು ಜನರ ನಾಲಗೆಯ ಮೇಲೆ. ಮೊದಲನೆಯದನ್ನು ಶಾಸನವೆನ್ನುತ್ತೇವೆ, ಎರಡನೆಯದನ್ನು ಕಾವ್ಯವೆನ್ನುತ್ತೇವೆ. ಇವೆರಡೂ ಶಾಶ್ವತವೆಂದು ನಾವು ಭಾವಿಸಿರುವುದುಂಟು. ಆದರೆ ಶಾಸನದ ಕಲ್ಲು ಹಳ್ಳದ ದಂಡೆಯಲ್ಲಿ ಬಟ್ಟೆ ಒಗೆಯುವ ಬಂಡೆಯಾದುದನ್ನೂ, ಹಾಡುವಾತನು ತೀರಿಕೊಂಡಾಗ ಹಾಡೂ ಅವನೊಡನೆ ಮಣ್ಣಾದುದನ್ನೂ ಕಂಡವರಿಗೆ ಈ ಭಾವನೆ ಉಳಿಯದು. ಕಲ್ಲನ್ನೂ ಹಾಡನ್ನೂ ಕಾಪಾಡುವ ಮೂರನೆಯ ಸಾಧನವೊಂದು ಬೇಕು. ಅದುವೇ ಅಚ್ಚಾದ ಪುಸ್ತಕ.

ಆದರೆ ಶಾಸನಗಳ ಸಂಪುಟವನ್ನಾಗಲಿ ಹೊಸ ಕವಿಯ ಮೊದಲ ಸಂಕಲನವನ್ನಾಗಲಿ ಅಚ್ಚು ಹಾಕಲು ಲಾಭವನ್ನೇ ನೋಡುವ ಪ್ರಕಾಶಕನು ಮುಂದೆ ಬರುವುದಿಲ್ಲ. ಇದು ಅವನ ದೋಷವಲ್ಲ. ವ್ಯಾಪಾರದ ಧರ್ಮವೇ ಹಾಗೆ. ಮೇಲುನೋಟಕ್ಕೆ ಒಂದಕ್ಕೊಂದು ಸಂಬಂಧವಿಲ್ಲದ ಈ ಎರಡು ಬಗೆಯ ಗ್ರಂಥಗಳು ಬಹಳ ಕಡೆ ಒಂದೇ ಮನೆಯಲ್ಲಿ ಆಶ್ರಯ ಪಡೆದಿರುವುದಕ್ಕೆ ಇದೇ ಕಾರಣ. ಬೆಳಗಾವಿ-ಧಾರವಾಡ ಸೀಮೆಯಲ್ಲಿ ಆ ಮನೆ ಯಾವುದು, ಅದು ಹೇಗೆ ಕಟ್ಟಲ್ಪಟ್ಟಿತು, ಅದರಿಂದ ನಮಗಾದ ಉಪಕಾರವೇನು ಎಂಬುದನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇದನ್ನು ಶಹಾಪುರದಿಂದಲೇ ಆರಂಭಿಸುವುದು ಉಚಿತ. ಇಂದು ಬೆಳಗಾವಿ ನಗರದ ಒಂದು ಭಾಗವೇ ಆಗಿರುವ ಈ ನೇಕಾರರ ಮತ್ತು ವರ್ತಕರ ಪೇಟೆಯು 1948ರ ವರೆಗೆ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. ನೆರೆಯ ಬೆಳಗಾವಿಯಾದರೋ ಮುಂಬಯಿ ಇಲಾಖೆಯ ಜಿಲ್ಲಾಸ್ಥಳವಾಗಿತ್ತು. ನಾಲ್ಕು ಹೆಜ್ಜೆ ನಡೆದರೆ ಸರಕಾರ ಬದಲಾಗುತ್ತಿತ್ತು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಕನ್ನಡ ಮರಾಠಿಗಳೆರಡೂ, ಸಂಸ್ಥಾನದ ಕಾಗದಪತ್ರಗಳಲ್ಲಿ ಮರಾಠಿ, ಜಿಲ್ಲಾ ಕಚೇರಿಯ ಮೇಲ್ದರ್ಜೆಯಲ್ಲಿ ಇಂಗ್ಲಿಷು. ಹೀಗೆ ಬಾಳಿದ ಊರು ಇದು. ಇಂಥ ಊರಿನ ಕನ್ನಡಿಗನಿಗೆ ತನ್ನ ನೆಲದ ಚರಿತ್ರೆಯನ್ನು ತನ್ನ ಭಾಷೆಯಲ್ಲಿ ಓದುವ ಅವಕಾಶವು ಬಹುಕಾಲ ದೊರೆಯಲಿಲ್ಲ. ದೊರೆತದ್ದು ಪರರ ಬರವಣಿಗೆಯಿಂದ.

ಆ ಪರರಲ್ಲಿ ಮೊದಲು ನೆನೆಯಬೇಕಾದವರು ಜೆ. ಎಫ್. ಫ್ಲೀಟ್. ಮುಂಬಯಿ ಸರಕಾರದ ಕಂದಾಯ ಖಾತೆಯ ಅಧಿಕಾರಿಯಾಗಿ ಈ ಭಾಗದಲ್ಲಿ ದುಡಿದ ಈ ಆಂಗ್ಲ ವಿದ್ವಾಂಸರು ಊರೂರಿನ ಶಾಸನಗಳನ್ನು ಓದಿ ಪ್ರಕಟಿಸಿದರು. ಖಾನಾಪುರ ತಾಲೂಕಿನ ಹಲಸಿಯಲ್ಲಿ ದೊರೆತ ಕದಂಬರ ತಾಮ್ರಪಟಗಳನ್ನು ವಿದ್ವತ್‌ಪ್ರಪಂಚಕ್ಕೆ ಪರಿಚಯಿಸಿದವರೂ ಅವರೇ. ಅಂದಿನ ಪಲಾಶಿಕೆಯೇ ಇಂದಿನ ಹಲಸಿ. ಕದಂಬ ಮೃಗೇಶವರ್ಮನು ಅಲ್ಲಿ ಜಿನಾಲಯವನ್ನು ಕಟ್ಟಿಸಿ ಯಾಪನೀಯ, ನಿರ್ಗ್ರಂಥ, ಕೂರ್ಚಕ ಎಂಬ ಮೂರು ಪಂಗಡದ ಯತಿಗಳಿಗೆ ಭೂಮಿಯನ್ನು ಬಿಟ್ಟನೆಂಬ ಸಂಗತಿ ಆ ಪಟಗಳಿಂದ ತಿಳಿದುಬರುತ್ತದೆ. 1882ರಲ್ಲಿ ಫ್ಲೀಟರು ಕನ್ನಡ ಜಿಲ್ಲೆಗಳ ರಾಜಮನೆತನಗಳನ್ನು ಕುರಿತು ಪುಸ್ತಕವನ್ನು ಬರೆದರು. ಅದು ಇಂಗ್ಲಿಷಿನಲ್ಲಿತ್ತು, ಅದರ ಓದುಗರು ಬೇರೆ ಕಡೆ ಇದ್ದರು.

ಫ್ಲೀಟರ ಇನ್ನೊಂದು ಕೆಲಸವನ್ನು ನಮ್ಮವರು ಅಷ್ಟಾಗಿ ಸ್ಮರಿಸುವುದಿಲ್ಲ. ಶಾಸನಗಳನ್ನು ಓದಿದ ಕೈಯಿಂದಲೇ ಅವರು ಈ ಸೀಮೆಯ ಕನ್ನಡ ಲಾವಣಿಗಳನ್ನು ಸಂಗ್ರಹಿಸಿ, 1885ರಿಂದ ಮೊದಲುಗೊಂಡು 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಅಚ್ಚು ಮಾಡಿಸಿದರು. ಅವುಗಳಲ್ಲಿ ಸಂಗೊಳ್ಳಿ ರಾಯಣ್ಣನ ದಂಗೆಯ ಹಾಡಿದೆ, ಹಲಗಲಿ ಬೇಡರ ಹಾಡಿದೆ. ರಾಯಣ್ಣನನ್ನು ಗಲ್ಲಿಗೇರಿಸಿದ್ದು 1831ರಲ್ಲಿ, ಇದೇ ಖಾನಾಪುರ ತಾಲೂಕಿನ ನಂದಗಡದಲ್ಲಿ. ಸರಕಾರದ ದಫ್ತರದಲ್ಲಿ ಅವನು ಬಂಡುಕೋರ. ಲಾವಣಿಯಲ್ಲಿ ಅವನು ವೀರ. ದಫ್ತರವು ಘಟನೆಯ ದಿನಾಂಕವನ್ನು ಹೇಳಿತು. ಆ ಘಟನೆ ಜನರಿಗೆ ಏನಾಗಿ ಕಂಡಿತೆಂಬುದನ್ನು ಲಾವಣಿ ಹೇಳಿತು. ಎರಡರಲ್ಲಿ ಒಂದನ್ನೇ ಹಿಡಿದವನಿಗೆ ನಂದಗಡದ ಸಂಗತಿ ಅರ್ಧ ಮಾತ್ರ ತಿಳಿಯುತ್ತದೆ. ಇತಿಹಾಸ ಕಾವ್ಯಗಳು ಪರಸ್ಪರ ಪೂರಕವೆಂಬ ತತ್ತ್ವಕ್ಕೆ ಇದಕ್ಕಿಂತ ಸಮೀಪದ ನಿದರ್ಶನ ಬೇಕಾಗಿಲ್ಲ.

ಪರರು ಮಾಡಿದ ಈ ಕೆಲಸವನ್ನು ನಮ್ಮವರೇ ಕೈಗೆತ್ತಿಕೊಂಡ ಕಥೆಯು ಪೂಜ್ಯ ಡಾ. ಫ. ಗು. ಹಳಕಟ್ಟಿಯವರಿಂದ ಆರಂಭವಾಗುತ್ತದೆ. ವಿಜಾಪುರದ ಈ ವಕೀಲರು ಮನೆಮನೆ ತಿರುಗಿ ತಾಡೋಲೆಗಳನ್ನು ಕೂಡಿಸಿ, ವಚನಗಳನ್ನು ವಿಷಯಾನುಸಾರ ಜೋಡಿಸಿ 'ವಚನಶಾಸ್ತ್ರಸಾರ'ವನ್ನು ಸಿದ್ಧಪಡಿಸಿದರು. ಅದನ್ನು ಮುದ್ರಿಸುವವರು ಬೇಕಾಗಿತ್ತು. ಮಂಗಳೂರಿನ ಮುದ್ರಣಾಲಯದಿಂದ ಹಸ್ತಪ್ರತಿ ಮರಳಿ ಬಂದ ಮೇಲೆ, ಅದರ ಮೊದಲ ಭಾಗವು 1923ರಲ್ಲಿ ಅಚ್ಚಾದದ್ದು ನಮ್ಮ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ. ಶರಣರ ವಚನಗಳನ್ನು ಜೈನ ಬಂಧುವೊಬ್ಬರು ತಮ್ಮ ಅಚ್ಚುಕೂಟದಲ್ಲಿ ಮುದ್ರಿಸಿಕೊಟ್ಟ ಈ ಸಂಗತಿಯು ಬೆಳಗಾವಿಯ ಸಾಂಸ್ಕೃತಿಕ ಚರಿತ್ರೆಯಲ್ಲಿ ಚಿರಸ್ಮರಣೀಯ. ಮುಂದೆ ಹಳಕಟ್ಟಿಯವರು 1925ರಲ್ಲಿ ವಿಜಾಪುರದಲ್ಲಿ ತಮ್ಮದೇ 'ಹಿತಚಿಂತಕ' ಮುದ್ರಣಾಲಯವನ್ನು ಸ್ಥಾಪಿಸಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ತೆಗೆದರು. ಈ ಕಾರ್ಯಕ್ಕಾಗಿ ವಾಸದ ಮನೆಯನ್ನೇ ಮಾರಿದರು.

ಈ ತ್ಯಾಗದ ಮುಂದೆ ನಾವು ತಲೆಬಾಗುತ್ತೇವೆ. ಆದರೆ ಇತಿಹಾಸದ ದೃಷ್ಟಿಯಿಂದ ಒಂದು ಪ್ರಶ್ನೆ ಏಳದೆ ಇರದು. ಒಂದು ನಾಡಿನ ಮೂಲಸಾಹಿತ್ಯವು ಬೆಳಕು ಕಾಣಬೇಕಾದರೆ ಒಬ್ಬ ವಿದ್ವಾಂಸನು ಮನೆ ಮಾರಬೇಕೆ? ವ್ಯಕ್ತಿಯ ತಪಸ್ಸಿನಿಂದ ಕಾರ್ಯವು ಆರಂಭವಾಗಬಹುದು. ವ್ಯಕ್ತಿಯೊಡನೆ ಅದು ಮುಗಿಯಬಾರದು. ಆದುದರಿಂದ ವ್ಯಕ್ತಿಯ ಭಾರವನ್ನು ಹೊರುವ ಸಂಸ್ಥೆಯೊಂದು ಅವಶ್ಯವಾಗಿತ್ತು.

ಅಂಥ ಸಂಸ್ಥೆಯ ಮೊದಲ ಕುರುಹು 1939ರಲ್ಲಿ ಧಾರವಾಡದಲ್ಲಿ ಆರಂಭವಾದ ಕನ್ನಡ ಸಂಶೋಧನ ಸಂಸ್ಥೆ. ಆರ್. ಎಸ್. ಪಂಚಮುಖಿಯವರ ನೇತೃತ್ವದಲ್ಲಿ ಅದು ಈ ಭಾಗದ ಶಾಸನಗಳನ್ನು ಸಂಗ್ರಹಿಸತೊಡಗಿತು. 1941ರಲ್ಲಿ ಅದರ ಶಾಸನ ಸಂಪುಟಗಳಲ್ಲಿ ಮೊದಲನೆಯದು ಹೊರಬಂದಿತು. ಆಗ ಇಲ್ಲಿಯ ಕಾಲೇಜುಗಳೆಲ್ಲವೂ ಮುಂಬಯಿ ವಿಶ್ವವಿದ್ಯಾಲಯದ ಅಂಗಗಳಾಗಿದ್ದವು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಹುಟ್ಟಿ, ಮರುವರ್ಷ ಮುಂಬಯಿಯಿಂದ ಧಾರವಾಡಕ್ಕೆ ಬಂದು ನೆಲೆಸಿತು. ಗೋಕಾಕ ತಾಲೂಕಿನ ಮಮದಾಪುರದಲ್ಲಿ ಜನಿಸಿದ ಡಾ. ಡಿ. ಸಿ. ಪಾವಟೆಯವರು 1954ರಿಂದ 1967ರ ವರೆಗೆ ಅದರ ಕುಲಪತಿಗಳಾಗಿ ಅದನ್ನು ಕಟ್ಟಿ ಬೆಳೆಸಿದರು. ಸಂಶೋಧನ ಸಂಸ್ಥೆಯೂ ಮುಂದೆ ಅದರಲ್ಲಿಯೇ ಸೇರಿತು.

ವಿಶ್ವವಿದ್ಯಾಲಯವು ಪುಸ್ತಕ ಪ್ರಕಟಿಸುವುದು ಹೊಸ ಪದ್ಧತಿಯೇನಲ್ಲ. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯಕ್ಕೆ ಮುದ್ರಣದ ಹಕ್ಕು ಸಿಕ್ಕಿದ್ದು 1534ರಲ್ಲಿ. ನಮ್ಮ ಮೈಸೂರು ವಿಶ್ವವಿದ್ಯಾಲಯವು 1930ರ ದಶಕದಲ್ಲಿಯೇ ಅಧ್ಯಾಪಕರನ್ನು ಊರೂರಿಗೆ ಕಳಿಸಿ ಕನ್ನಡದಲ್ಲಿ ಉಪನ್ಯಾಸಗಳನ್ನು ಮಾಡಿಸಿ, ಅವುಗಳನ್ನು ಚಿಕ್ಕ ಪುಸ್ತಕಗಳನ್ನಾಗಿ ಹೊರತಂದಿತು. ಇಂಥ ಕೆಲಸಕ್ಕೆ ಕನ್ನಡದಲ್ಲಿ ನಿಂತ ಹೆಸರೇ 'ಪ್ರಸಾರಾಂಗ'. ತರಗತಿಯ ನಾಲ್ಕು ಗೋಡೆಗಳೊಳಗಿನ ವಿದ್ಯೆಯನ್ನು ಹೊರಗಿನ ಜನಕ್ಕೆ ಮುಟ್ಟಿಸುವ ಅಂಗ ಎಂಬುದು ಅದರ ಅರ್ಥ. ಹೆಸರಿನಲ್ಲಿ ಪ್ರಸಾರವೇ ಮುಖ್ಯವಾಗಿದೆ ಎಂಬುದನ್ನು ವಾಚಕರು ಗಮನದಲ್ಲಿಡಬೇಕು. ಈ ಮಾತಿಗೆ ಮುಂದೆ ಮತ್ತೆ ಬರುವೆವು.

ಕರ್ನಾಟಕ ವಿಶ್ವವಿದ್ಯಾಲಯದ ಪ್ರಸಾರಾಂಗಕ್ಕೆ ಒದಗಿದ ಭಾಗ್ಯವೆಂದರೆ ಅದರ ಹೊಣೆಯನ್ನು ಒಬ್ಬ ಕವಿಯು ಹೊತ್ತದ್ದು. ಗದಗ ತಾಲೂಕಿನ ಹೊಂಬಳದ ಚೆನ್ನವೀರ ಕಣವಿಯವರು 1952ರಲ್ಲಿ ಅದರ ಕಾರ್ಯದರ್ಶಿಗಳಾಗಿ ಸೇರಿ, 1956ರಿಂದ 1983ರ ವರೆಗೆ ನಿರ್ದೇಶಕರಾಗಿದ್ದರು. ಸೇರುವುದಕ್ಕೆ ಮುಂಚೆಯೇ, 1949ರಲ್ಲಿ, ಅವರ ಮೊದಲ ಸಂಕಲನ 'ಕಾವ್ಯಾಕ್ಷಿ' ಹೊರಬಂದಿತ್ತು. ಹೊಸ ಕನ್ನಡ ಕಾವ್ಯದ ಅತ್ಯಂತ ಮೃದುವಾದ ದನಿಗಳಲ್ಲಿ ಒಂದೆಂದು ನಾಡೇ ಕೊಂಡಾಡಿದ ಆ ಕವಿಯು ಮೂವತ್ತು ವರ್ಷ ಕಚೇರಿಯಲ್ಲಿ ಕುಳಿತು ಶಾಸನ, ಚರಿತ್ರೆ, ವಿಜ್ಞಾನ, ವ್ಯಾಕರಣಗಳ ಕರಡಚ್ಚುಗಳ ನಡುವೆ ಬಾಳಿದರು. ಅಗ್ಗದ ಬೆಲೆಯ ಉಪನ್ಯಾಸ ಗ್ರಂಥಮಾಲೆಯ ಕಿರುಹೊತ್ತಗೆಗಳು ಉತ್ತರ ಕರ್ನಾಟಕದ ಶಾಲಾಮಾಸ್ತರರ ಕೈಚೀಲಗಳಲ್ಲಿ ಸೇರಿದ್ದು ಆ ಕಾಲದಲ್ಲಿ. 1981ರಲ್ಲಿ ಅವರ 'ಜೀವಧ್ವನಿ'ಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಾಗಲೂ ಅವರು ಅದೇ ಕಾಯಕದಲ್ಲಿದ್ದರು. 2022ರ ಫೆಬ್ರುವರಿಯಲ್ಲಿ ಅವರು ನಮ್ಮನ್ನಗಲಿದರು. ಕವಿಯನ್ನು ನಾಡು ಸ್ಮರಿಸಿತು. ಪರರ ಪುಸ್ತಕಗಳಿಗಾಗಿ ಸವೆದ ಆ ಮೂವತ್ತು ವರ್ಷಗಳನ್ನು ಸ್ಮರಿಸಿದವರು ವಿರಳ.

ವಿಶ್ವವಿದ್ಯಾಲಯದ ಪುಸ್ತಕಗಳಿಂದ ನಮಗಾದ ಉಪಕಾರವೇನು? ಒಂದೇ ಉದಾಹರಣೆಯನ್ನು ತುಸು ವಿಸ್ತಾರವಾಗಿ ನೋಡೋಣ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಸವಣ್ಣನವರ ಚಾರಿತ್ರಿಕತೆಯ ಪ್ರಶ್ನೆ ಎದ್ದಿತು. ಪುರಾಣಗಳಲ್ಲಿ, ರಗಳೆಗಳಲ್ಲಿ, ವಚನಗಳಲ್ಲಿ ಅವರು ತುಂಬಿಕೊಂಡಿದ್ದರು. ಆದರೆ ಫ್ಲೀಟರು ಓದಿದ ಶಾಸನಗಳಲ್ಲಿ ಅವರ ಕುರುಹು ಸ್ಪಷ್ಟವಾಗಿ ಸಿಕ್ಕಿರಲಿಲ್ಲ. ಇಂದಿನ ಹಾವೇರಿ ಜಿಲ್ಲೆಯ ಅಬ್ಬಲೂರಿನ ಶಾಸನದಲ್ಲಿ ಏಕಾಂತದ ರಾಮಯ್ಯನ ವೃತ್ತಾಂತ ದೊರೆತುದರಿಂದ, ಧರ್ಮೋತ್ಥಾನದ ಹಿರಿಮೆಯನ್ನು ಅವನಿಗೇ ಕೊಡಲು ಅವರು ಒಲಿದರು. ಇದರಲ್ಲಿ ದ್ವೇಷವಿರಲಿಲ್ಲ; ಕೈಯಲ್ಲಿದ್ದ ಸಾಕ್ಷಿಯಷ್ಟನ್ನೇ ಅವರು ನುಡಿದರು. ಈ ಮಾತಿಗೆ ಭಕ್ತಿಯ ಆವೇಶದಿಂದ ಉತ್ತರ ಕೊಡಲು ಬರುವಂತಿರಲಿಲ್ಲ. ಸಾಕ್ಷಿಗೆ ಸಾಕ್ಷಿಯೇ ಬೇಕಾಗಿತ್ತು.

ಆ ಸಾಕ್ಷಿಯು ಬೆಳಗಾವಿ ಜಿಲ್ಲೆಯಲ್ಲಿಯೇ ಇತ್ತು. ಹುಕ್ಕೇರಿ ತಾಲೂಕಿನ ಅರ್ಜುನವಾಡದ ಶಾಸನವು ಸೇವುಣ ಅರಸ ಕನ್ನರನ ಕಾಲದ್ದು, 1260ರದು. ಬಸವಣ್ಣನವರು ಐಕ್ಯರಾಗಿ ನೂರು ವರ್ಷ ತುಂಬುವ ಮೊದಲೇ ಕೊರೆಯಲ್ಪಟ್ಟ ಈ ಕಲ್ಲು, ಬಾಗೇವಾಡಿಯನ್ನೂ ತಂದೆ ಮಾದಿರಾಜನನ್ನೂ ಸಂಗನ ಬಸವನನ್ನೂ ಹೆಸರಿಸುತ್ತದೆ. ಆ ಮನೆತನದ ಹಾಲಬಸವಿದೇವನಿಗೆ ಬಿಟ್ಟ ದತ್ತಿಯನ್ನು ದಾಖಲಿಸುತ್ತದೆ. ಇದನ್ನೂ ಇತರ ಶಾಸನಗಳನ್ನೂ ಕಾವ್ಯಪುರಾಣಗಳನ್ನೂ ಒಟ್ಟಿಗಿಟ್ಟು ತೂಗಿ ನೋಡಿ, ಡಾ. ಪಿ. ಬಿ. ದೇಸಾಯಿಯವರು ಬಸವೇಶ್ವರರನ್ನೂ ಅವರ ಕಾಲವನ್ನೂ ಕುರಿತು ಬರೆದ ಇಂಗ್ಲಿಷ್ ಗ್ರಂಥವನ್ನು ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಸಂಶೋಧನ ಸಂಸ್ಥೆಯು 1968ರಲ್ಲಿ ಪ್ರಕಟಿಸಿತು. ಅಷ್ಟಶತಮಾನೋತ್ಸವದ ಆ ಸಂದರ್ಭದಲ್ಲಿ ಮೆರವಣಿಗೆಗಳೂ ಭಾಷಣಗಳೂ ಬಹಳ ನಡೆದವು. ಅವು ಆ ದಿನಕ್ಕೇ ಮುಗಿದವು. ಆ ಗ್ರಂಥವಾದರೋ ಇಂದಿಗೂ ವಿದ್ವಾಂಸರು ತೆಗೆದು ನೋಡುವ ಆಧಾರವಾಗಿ ಉಳಿದಿದೆ.

ಇತಿಹಾಸದ ಗ್ರಂಥವು ಬಸವಣ್ಣನವರ ಕಾಲವನ್ನು ಗೊತ್ತುಮಾಡಿಕೊಟ್ಟಿತು. ಅವರ ನುಡಿಯನ್ನು ಗೊತ್ತುಮಾಡಿಕೊಡುವ ಕೆಲಸ ಜೊತೆಯಲ್ಲಿಯೇ ನಡೆಯಬೇಕಾಗಿತ್ತು. ಓಲೆಯಿಂದ ಓಲೆಗೆ ಪಾಠಭೇದಗಳಿದ್ದವು. ಒಬ್ಬರ ವಚನ ಇನ್ನೊಬ್ಬರ ಅಂಕಿತದಲ್ಲಿ ಸೇರಿತ್ತು. ಡಾ. ಆರ್. ಸಿ. ಹಿರೇಮಠರು ವಿಶ್ವವಿದ್ಯಾಲಯದ ವತಿಯಿಂದ ಹಸ್ತಪ್ರತಿಗಳನ್ನು ಹೋಲಿಸಿ ವಚನಗಳ ಪರಿಷ್ಕೃತ ಆವೃತ್ತಿಗಳನ್ನು ಸಿದ್ಧಪಡಿಸಿದರು. ಅದೇ ವಿಶ್ವವಿದ್ಯಾಲಯದ ಡಾ. ಎಂ. ಎಂ. ಕಲಬುರ್ಗಿಯವರು 'ಶಾಸನಗಳಲ್ಲಿ ಶಿವಶರಣರು' ಎಂಬ ಕೃತಿಯಲ್ಲಿ, ನಾವು ವಚನಗಳಲ್ಲಿ ಮಾತ್ರ ಕಂಡಿದ್ದ ಹೆಸರುಗಳನ್ನು ಕಲ್ಲುಗಳ ಮೇಲೆ ಹುಡುಕಿ ತೋರಿಸಿದರು. ಶಾಸನಸಂಶೋಧಕನೂ ಕಾವ್ಯಸಂಪಾದಕನೂ ಒಬ್ಬನೇ ಆದಾಗ ಎಂಥ ಫಲ ದೊರೆಯುತ್ತದೆಂಬುದಕ್ಕೆ ಆ ಕೃತಿ ಪ್ರಮಾಣ. ಈ ದೀರ್ಘ ಪರಂಪರೆಯ ಫಲವಾಗಿ 1993ರಲ್ಲಿ ಕರ್ನಾಟಕ ಸರಕಾರವು ಅವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ ಪ್ರಕಟಿಸಿತು. ಹಳಕಟ್ಟಿಯವರು ಮನೆ ಮಾರಿ ತೊಡಗಿದ ಕಾರ್ಯವನ್ನು ನಾಡು ಎಪ್ಪತ್ತು ವರ್ಷಗಳ ತರುವಾಯ ತನ್ನದೆಂದು ಒಪ್ಪಿಕೊಂಡಿತು.

ಹಳೆಯ ಕಾವ್ಯವು ಶುದ್ಧ ಪಾಠದಲ್ಲಿ ದೊರೆತಾಗ ಹೊಸ ಕಾವ್ಯಕ್ಕೂ ಅದರಿಂದ ಪುಷ್ಟಿ ಬರುತ್ತದೆ. 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದ ಏಳು ಜನ ಶಿಕ್ಷಕರಲ್ಲಿ ಒಬ್ಬರಾದ ಪ್ರೊ. ಶಿ. ಶಿ. ಬಸವನಾಳರು ಬಸವಣ್ಣನವರ ಷಟ್‌ಸ್ಥಲದ ವಚನಗಳನ್ನು ಸಂಪಾದಿಸಿದರು. ಅದೇ ಸಂಸ್ಥೆಯ ಲಿಂಗರಾಜ ಕಾಲೇಜಿನಲ್ಲಿ 1950ರ ದಶಕದಲ್ಲಿ ಇಂಗ್ಲಿಷ್ ಬೋಧಿಸುತ್ತಿದ್ದ ತರುಣರೊಬ್ಬರು ಮುಂದೆ ಅಮೆರಿಕದ ಶಿಕಾಗೋ ವಿಶ್ವವಿದ್ಯಾಲಯಕ್ಕೆ ಹೋದರು. 1973ರಲ್ಲಿ ವಚನಗಳ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿ ಶರಣರ ನುಡಿಯನ್ನು ಜಗತ್ತಿಗೆ ಮುಟ್ಟಿಸಿದರು. ಅವರೇ ಎ. ಕೆ. ರಾಮಾನುಜನ್. ಆ ಅನುವಾದದಲ್ಲಿ ಬಸವಣ್ಣನವರ ವಚನಗಳಿಗೆ ಅವರು ಆಧಾರವಾಗಿ ಇಟ್ಟುಕೊಂಡದ್ದು ಬಸವನಾಳರ ಆವೃತ್ತಿಯನ್ನು. ರಾಮಾನುಜನ್ನರು ಸ್ವತಃ ಕನ್ನಡದ ಹೊಸ ಕವಿಗಳು. ಅವರ 'ಹೊಕ್ಕುಳಲ್ಲಿ ಹೂವಿಲ್ಲ' ಸಂಕಲನವನ್ನು 1969ರಲ್ಲಿ ಹೊರತಂದದ್ದು ಧಾರವಾಡದ ಮನೋಹರ ಗ್ರಂಥಮಾಲೆ ಎಂಬ ಇನ್ನೊಂದು ಚಿಕ್ಕ ಪ್ರಕಾಶನ. ಬೆಂಗಳೂರಿನ ಕ್ರೈಸ್ಟ್ ಕಾಲೇಜಿನಲ್ಲಿ ಚಿ. ಶ್ರೀನಿವಾಸರಾಜು ಅವರು ಕನ್ನಡ ಸಂಘದ ಮೂಲಕ ವಿದ್ಯಾರ್ಥಿಕವಿಗಳ ಮೊದಲ ಪುಸ್ತಕಗಳನ್ನು ಅಚ್ಚು ಹಾಕಿಸಿದ್ದೂ ಇದೇ ಜಾತಿಯ ಸೇವೆ. ಹೆಸರಿಲ್ಲದ ತರುಣನ ಕವಿತೆಯೂ ಮಾರಾಟವಾಗದ ಶಾಸನ ಸಂಪುಟವೂ ವಿದ್ಯಾಸಂಸ್ಥೆಯ ನೆರಳಿನಲ್ಲಿಯೇ ಬದುಕಬೇಕಾಗಿದೆ.

ಇಷ್ಟು ಹೇಳಿದ ಮೇಲೆ ಕೊರತೆಯನ್ನೂ ಹೇಳಬೇಕು. ವಿಶ್ವವಿದ್ಯಾಲಯದ ಪುಸ್ತಕವು ಸಾಮಾನ್ಯವಾಗಿ ಕಡಿಮೆ ಪ್ರತಿಗಳಲ್ಲಿ ಒಂದು ಸಲ ಅಚ್ಚಾಗುತ್ತದೆ. ಬಿಡುಗಡೆಯ ದಿನ ಅದರ ಪ್ರಶಂಸೆ ನಡೆಯುತ್ತದೆ. ಆಮೇಲೆ ಅದು ಉಗ್ರಾಣದಲ್ಲಿ ಕುಳಿತುಕೊಳ್ಳುತ್ತದೆ, ಇಲ್ಲವೆ ಪ್ರತಿಗಳು ತೀರಿ ಮರುಮುದ್ರಣವಿಲ್ಲದೆ ಕಣ್ಮರೆಯಾಗುತ್ತದೆ. ಅಂಗಡಿಯಲ್ಲಿ ಅದು ಸಿಗುವುದಿಲ್ಲ; ಬೇಕಾದವನು ವಿಶ್ವವಿದ್ಯಾಲಯದ ಬಾಗಿಲಿಗೇ ಹೋಗಬೇಕು. ಶಹಾಪುರದ ಮಗ್ಗದ ಮನೆಯ ಹುಡುಗನಾಗಲಿ ಖಾನಾಪುರದ ಕಾಡಂಚಿನ ಹಳ್ಳಿಯ ಶಿಕ್ಷಕಿಯಾಗಲಿ ಎಂದು ಹೋದಾರು? ಈಚೆಗೆ ಹಳೆಯ ಸಂಪುಟಗಳ ಚಿತ್ರಪ್ರತಿಗಳು ಅಂತರ್ಜಾಲದಲ್ಲಿ ದೊರೆಯುತ್ತಿರುವುದು ಸಂತೋಷದ ಸಂಗತಿ. ಆದರೆ ಹೆಸರು ತಿಳಿದವನಿಗಷ್ಟೇ ಅದು ಸಿಕ್ಕುತ್ತದೆ. ಹೆಸರನ್ನೇ ಕೇಳದವನು ಹುಡುಕಲಾರ. ಪ್ರಕಟಣೆ ನಡೆದು ಪ್ರಸಾರ ನಡೆಯದಿದ್ದರೆ 'ಪ್ರಸಾರಾಂಗ'ವೆಂಬ ಹೆಸರು ಅರ್ಧಕ್ಕೇ ಸಾರ್ಥಕವಾಗುತ್ತದೆ.

ಗಡಿನಾಡಿನಲ್ಲಿ ಈ ಕೊರತೆಯ ಪರಿಣಾಮ ಬೇರೆ ಕಡೆಗಿಂತ ಹೆಚ್ಚು. 1966ರಲ್ಲಿ ಮಹಾಜನ ಆಯೋಗ ನೇಮಕವಾಯಿತು, 1967ರಲ್ಲಿ ಅದರ ವರದಿ ಬಂದಿತು, 2004ರಲ್ಲಿ ವಿವಾದವು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಇಷ್ಟು ದೀರ್ಘಕಾಲದ ವ್ಯಾಜ್ಯದಲ್ಲಿ ಇತಿಹಾಸದ ಹೆಸರನ್ನು ಎತ್ತದವರಿಲ್ಲ. ಇತಿಹಾಸದ ಪುಸ್ತಕವನ್ನು ತೆರೆದವರು ಎಷ್ಟು ಜನ? ತೆರೆದಿದ್ದರೆ ಅವರಿಗೆ ಕಾಣುತ್ತಿದ್ದುದು ಬೇರೆಯೇ ಚಿತ್ರ. ಬೆಳಗಾವಿಯ, ಅಂದರೆ ಅಂದಿನ ವೇಣುಗ್ರಾಮದ, ರಟ್ಟ ಕಾರ್ತವೀರ್ಯನ ಕಾಲದ ಎರಡು ಶಾಸನಗಳು ಶಕ 1127ಕ್ಕೆ ಸೇರಿದವು. ಬೀಚಣನು ಕಟ್ಟಿಸಿದ ರಟ್ಟ ಜಿನಾಲಯಕ್ಕೆ ಬಿಟ್ಟ ದತ್ತಿಯನ್ನು ಹೇಳುವಾಗ ಅವು ಈ ಪೇಟೆಯ ವ್ಯಾಪಾರಿಗಳನ್ನೂ ಹೆಸರಿಸುತ್ತವೆ. ಗುಜರಾತದ ಕಡೆಯ ಲಾಳರೂ ಮಲೆಯಾಳರೂ ಅವರಲ್ಲಿದ್ದಾರೆ. ಎಂಟುನೂರು ವರ್ಷಗಳ ಹಿಂದೆಯೇ ಈ ನೆಲವು ಹಲವು ನುಡಿಯ ಜನ ಕೂಡಿ ಬಾಳಿದ ಪೇಟೆಯಾಗಿತ್ತು. ಶಾಸನವು ಯಾರ ಪಕ್ಷವನ್ನೂ ಹಿಡಿಯುವುದಿಲ್ಲ, ಇದ್ದುದನ್ನು ಹೇಳುತ್ತದೆ. ಆ ಎರಡು ಕಲ್ಲುಗಳು ಇಂದು ಇಲ್ಲಿಲ್ಲ, ಲಂಡನ್ನಿನ ಬ್ರಿಟಿಷ್ ವಸ್ತುಸಂಗ್ರಹಾಲಯದಲ್ಲಿವೆ. ನಮಗೆ ಉಳಿದಿರುವುದು ಪುಸ್ತಕದಲ್ಲಿ ಅಚ್ಚಾದ ಅವುಗಳ ಪಾಠ ಮಾತ್ರ. ಕಲ್ಲು ಹೋದರೂ ಅಕ್ಷರ ಉಳಿದದ್ದು ವಿದ್ವಾಂಸರ ಪರಿಶ್ರಮದಿಂದ. ಆ ಅಕ್ಷರವನ್ನೂ ನಾವು ಓದದೆ ಹೋದರೆ ಕಲ್ಲನ್ನು ಎರಡನೆಯ ಸಲ ಕಳೆದುಕೊಂಡಂತೆಯೇ.

ಸಂಶೋಧನೆಯ ಪುಸ್ತಕವು ಎಲ್ಲರಿಗೂ ಹಿತವಾಗಿರಬೇಕೆಂಬ ನಿಯಮವಿಲ್ಲ. ಕಲಬುರ್ಗಿಯವರ ಲೇಖನಗಳು ಒಂದು ಕಾಲಕ್ಕೆ ನಮ್ಮವರನ್ನೇ ಕೆರಳಿಸಿದವು, ವಾದಗಳು ನಡೆದವು. ಅದೇ ಸಂಶೋಧನ ಲೇಖನಗಳ 'ಮಾರ್ಗ' ಸಂಪುಟಕ್ಕೆ 2006ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. 2015ರ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆಯಲ್ಲಿಯೇ ಅವರು ಗುಂಡಿಗೆ ಬಲಿಯಾದರು. ಗ್ರಂಥಕ್ಕೆ ಗ್ರಂಥವೇ ಉತ್ತರ, ಆಧಾರಕ್ಕೆ ಆಧಾರವೇ ಉತ್ತರ ಎಂಬುದು ಅನುಭವ ಮಂಟಪದ ಪರಂಪರೆಯನ್ನು ಹೇಳಿಕೊಳ್ಳುವವರಿಗೆ ಯಾರೂ ಕಲಿಸಬೇಕಾದ ಪಾಠವಲ್ಲ. ಫ್ಲೀಟರ ಸಂದೇಹಕ್ಕೆ ಅರ್ಜುನವಾಡದ ಕಲ್ಲು ಉತ್ತರ ಕೊಟ್ಟ ರೀತಿಯನ್ನು ನೆನೆದರೆ ಸಾಕು. ಸಂದೇಹವನ್ನು ಅಡಗಿಸಿದ್ದರೆ ಆ ಕಲ್ಲಿನ ಬೆಲೆ ನಮಗೆ ತಿಳಿಯುತ್ತಲೇ ಇರಲಿಲ್ಲ.

2010ರಲ್ಲಿ ಬೆಳಗಾವಿಯಲ್ಲಿಯೇ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವು ಸ್ಥಾಪಿತವಾಗಿದೆ. ವಿದ್ಯೆಗಾಗಿ ಮುಂಬಯಿಯತ್ತ ಮುಖ ಮಾಡಿದ್ದ ಸೀಮೆಗೆ ಮೊದಲು ಧಾರವಾಡ, ಈಗ ತನ್ನ ಊರೇ ವಿದ್ಯಾಪೀಠವಾಗಿದೆ. ಹಲಸಿಯ ಪಟಗಳನ್ನೂ ವೇಣುಗ್ರಾಮದ ಶಾಸನಗಳನ್ನೂ ನಂದಗಡದ ಲಾವಣಿಯನ್ನೂ ತಿಳಿಗನ್ನಡದ ಟಿಪ್ಪಣಿಯೊಡನೆ ಕೈಗೆಟಕುವ ಬೆಲೆಯಲ್ಲಿ ಈ ಭಾಗದ ಶಾಲೆಗಳಿಗೆ ತಲುಪಿಸುವುದು ಇಂಥ ವಿದ್ಯಾಪೀಠಗಳ ಕರ್ತವ್ಯ. ಆದರೆ ಎಲ್ಲವನ್ನೂ ಅವುಗಳ ಮೇಲೆಯೇ ಹೊರಿಸಿ ನಾವು ಸುಮ್ಮನಿರುವುದು ಸಲ್ಲದು. ಮಠಗಳು ಅನ್ನದಾಸೋಹದ ಜೊತೆಗೆ ಪ್ರಸಾದನಿಲಯಗಳನ್ನು ಕಟ್ಟಿ ಓದುವ ಮಕ್ಕಳನ್ನು ಬೆಳೆಸಿದವು. ಆ ಮಕ್ಕಳ ಕೈಗೆ ಈ ಪುಸ್ತಕಗಳನ್ನು ಕೊಡುವುದು ಅದೇ ಕಾರ್ಯದ ಮುಂದಿನ ಹೆಜ್ಜೆ. ಜಾತ್ರೆಯ ಅಂಗಡಿಸಾಲಿನಲ್ಲಿ ಪ್ರಸಾರಾಂಗದ ಪುಸ್ತಕಗಳಿಗೂ ಒಂದು ಮಳಿಗೆ ಇರಲಿ. ಮದುವೆ ಗೃಹಪ್ರವೇಶಗಳ ಕಾಣಿಕೆಯಲ್ಲಿ ಒಂದು ಹೊಸ ಕವಿಯ ಸಂಕಲನವೂ ಸೇರಲಿ. ಪ್ರತಿಯೊಂದು ಊರಿನ ವಾಚನಾಲಯದಲ್ಲಿ ಆ ಊರಿನ ಶಾಸನದ ಪಾಠವು ದೊರೆಯುವಂತಾಗಲಿ.

ಪುಸ್ತಕವನ್ನು ಬರೆದವನ ಶ್ರಮ ದೊಡ್ಡದು, ಅಚ್ಚು ಹಾಕಿಸಿದವನ ಧೈರ್ಯ ದೊಡ್ಡದು. ಇವೆರಡನ್ನೂ ಸಾರ್ಥಕಗೊಳಿಸುವವನು ಅದನ್ನು ಕೊಂಡು ಮನೆಗೆ ತಂದು ಓದುವವನು. ಹಳಕಟ್ಟಿಯವರು ಮನೆ ಮಾರಿ ಕೊಟ್ಟದ್ದನ್ನೂ ಕಣವಿಯವರು ಮೂವತ್ತು ವರ್ಷ ಕಾಯ್ದದ್ದನ್ನೂ ಓದಿ ಉಳಿಸಿಕೊಳ್ಳುವ ಹೊಣೆ ಈಗ ನಮ್ಮದಾಗಿದೆ.